ಕೋಟಿನ ಮೂರನೇ ಗುಂಡಿ

"ಮೊಳೆ ಕೀಳಬೇಡ್ವೇ! ನಿನ್ನ ಕಾಲಿಗೆ ಬೀಳ್ತೀನಿ, ಕೀಳಬೇಡ!"

ಅಣ್ಣ ಹೋಟೆಲಿನ ಸೂರು ಹಾರಿಹೋಗುವ ಹಾಗೆ ಕೂಗಿದ. ಅಷ್ಟರಲ್ಲಿ ಮೊದಲ ಮೊಳೆ ಹೊರಗೆ ಬಂದಾಗಿತ್ತು.

ಇನ್ಸ್‌ಪೆಕ್ಟರಮ್ಮ ತಲೆ ಎತ್ತಲಿಲ್ಲ. ನಿನ್ನೆ ತಾನೇ ಕೊಂಡ ಚಿತ್ರ ಹಾಸಿಗೆಯ ಮೇಲೆ ಬೋರಲು ಮಲಗಿತ್ತು. ಚೌಕಟ್ಟಿನ ಬೆನ್ನಿಗೆ ಹೊಡೆದಿದ್ದ ಮೊಳೆಗಳನ್ನು ಅವಳು ಅತ್ತಿಗೆಯ ಉಗುರುಕತ್ತರಿಯಿಂದ ಒಂದೊಂದಾಗಿ ಎಬ್ಬಿಸುತ್ತಿದ್ದಳು. ಪೋಲೀಸು ಕೆಲಸದಿಂದ ನಿವೃತ್ತಿಯಾಗಿ ಖಾಕಿ ಬಿಟ್ಟರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಮನೆಯವರೂ ಹಾಗೇ ಕರೆಯುತ್ತಿದ್ದರು.

"ಇದು ಅಮ್ಮ ಅಲ್ಲ," ಎಂದಳು.

"ಅಮ್ಮ ಅಲ್ಲದೆ ಇನ್ಯಾರೇ? ನಿಮ್ಮತ್ತೆನಾ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಚಿತ್ರದಲ್ಲಿರೋ ಹೆಂಗಸು ಅಮ್ಮನೇ. ಆದ್ರೆ ನಿನ್ನೆ ಗ್ಯಾಲರಿ ಗೋಡೆ ಮೇಲೆ ನೋಡಿದ ಚಿತ್ರ ಇದಲ್ಲ. ಯಾರೋ ನಕಲು ಮಾಡಿ ಕಳಿಸಿದಾರೆ."

ಅಣ್ಣ ಕುರ್ಚಿಯ ಮೇಲೆ ದೊಪ್ಪನೆ ಕುಳಿತ.

ಊರವರ ಬಾಯಲ್ಲಿ ಅವನು ಗುಂಡಿ ಸಾಹುಕಾರ. ಅಂಗಿಗೆ ಹಾಕುವ ಗುಂಡಿ ಮಾಡಿ ಮಾಡಿ ಶ್ರೀಮಂತನಾದವನು. ವರ್ಷಕ್ಕೊಮ್ಮೆ ಹೆಂಡತಿಯನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೋಗಿ ಚಿತ್ರ ಕೊಳ್ಳುವುದು ಅವನ ಹುಚ್ಚು. ಮನೆಯ ಗೋಡೆಗಳೆಲ್ಲ ತುಂಬಿ, ಈಗ ಮೆಟ್ಟಿಲ ಕೆಳಗೂ ಚಿತ್ರಗಳನ್ನು ಒರಗಿಸಿಟ್ಟಿದ್ದ. ಈ ಸಲ ತಂಗಿಯನ್ನೂ ಎಳೆದುಕೊಂಡು ಬಂದಿದ್ದ. ಈ ಸಲದ ಚಿತ್ರವೇ ಬೇರೆ.

ಕಿಟಕಿಯ ಬಳಿ ಕುಳಿತು ಅಂಗಿ ಹೊಲಿಯುತ್ತಿರುವ ಹೆಂಗಸು. ಅವರಮ್ಮ. ಮೂರು ಮಕ್ಕಳನ್ನು ಸೂಜಿಯ ಮೊನೆಯ ಮೇಲೆ ಸಾಕಿದವಳು. ಅವಳದು ಅಂತ ಒಂದು ಫೋಟೋ ಇಲ್ಲ. ಅವಳ ಮುಖ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಆ ಒಂದು ಬಟ್ಟೆಯ ಮೇಲೆ ಮಾತ್ರ. ಹಿಂದೆ ಅವರ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಚಿತ್ರಗಾರ ಬರೆದದ್ದು. ಅವನು ದೇಶ ಬಿಟ್ಟಾಗ ಚಿತ್ರವೂ ಅವನ ಜೊತೆ ಹೋಯಿತು.

"ನಾಳೆ ವಿಮಾನ," ಎಂದ ಅಣ್ಣ. ದನಿ ಇಳಿದುಹೋಗಿತ್ತು. "ಅಮ್ಮನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದ್ನಲ್ಲೇ. ನಕಲು ಅಂತ ನಿನಗೆ ಹೇಗೆ ಗೊತ್ತು?"

"ಬೆರಳಿಗೆ ಗೊತ್ತು."

ಆ ಬಡ ಚಿತ್ರಗಾರನ ಹತ್ತಿರ ಸಾಕಷ್ಟು ಅಗಲದ ಬಟ್ಟೆ ಇರಲಿಲ್ಲ. ಎರಡು ತುಂಡು ತಂದು ಅಮ್ಮನ ಮುಂದೆ ಹಿಡಿದಿದ್ದ. ತನ್ನ ಚಿತ್ರಕ್ಕೆ ಬೇಕಾದ ಬಟ್ಟೆಯನ್ನು ಅಮ್ಮ ತಾನೇ ಕೂಡಿಸಿ ಹೊಲಿದುಕೊಟ್ಟಿದ್ದಳು. ಬಣ್ಣದ ಕೆಳಗೆ ಆ ಹೊಲಿಗೆ ಸಣ್ಣ ಬದುವಿನ ಹಾಗೆ ಎದ್ದಿತ್ತು. ನಿನ್ನೆ ಗ್ಯಾಲರಿಯಲ್ಲಿ ಇನ್ಸ್‌ಪೆಕ್ಟರಮ್ಮ ಅದರ ಮೇಲೆ ಬೆರಳಾಡಿಸಿದ್ದೇ ತಡ, ಅಂಗಡಿಯ ಒಡತಿ ಹಾವು ತುಳಿದವಳ ಹಾಗೆ ಕಿರುಚಿದ್ದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ಅತ್ತಿಗೆ ತಾನು ಬೇರೆ ಮನೆಯವಳು ಎಂಬಂತೆ ಗೋಡೆ ನೋಡುತ್ತ ನಿಂತಿದ್ದಳು.

"ನಿನ್ನೆ ಹೊಲಿಗೆ ಅಮ್ಮನ ಮಣಿಕಟ್ಟಿನ ಮೇಲೆ ಹಾದುಹೋಗಿತ್ತು. ಇವತ್ತು ಮೊಣಕಾಲಿನ ಮೇಲಿದೆ. ರಾತ್ರಿ ಬೆಳಗಾಗೋದ್ರೊಳಗೆ ಹೊಲಿಗೆ ನಡ್ಕೊಂಡು ಕೆಳಗೆ ಬಂತಾ?"

ಕೊನೆಯ ಮೊಳೆ ಬಂತು. ಚೌಕಟ್ಟು ಬಿಚ್ಚಿ, ಹಿಂಬದಿಗೆ ಅಂಟಿಸಿದ್ದ ಕಾಗದವನ್ನು ಅವಳು ಸರ್ರನೆ ಹರಿದಳು. ಅಣ್ಣ ಕಣ್ಣು ಮುಚ್ಚಿಕೊಂಡ.

ಹೊಲಿಗೆ ಇತ್ತು. ಕೈಹೊಲಿಗೆಯೇ. ಆದರೆ ದಾರ ನೈಲಾನಿನದು, ಮೀನಿನ ಹಾಗೆ ಮಿರುಗುತ್ತಿತ್ತು. ಅಮ್ಮ ಹತ್ತಿಯ ದಾರಕ್ಕೆ ಮೇಣದಬತ್ತಿ ಉಜ್ಜಿ ಹೊಲಿಯುತ್ತಿದ್ದಳು. ನೈಲಾನನ್ನು ಕಣ್ಣಲ್ಲೂ ಕಂಡವಳಲ್ಲ.

"ನೋಡು. ಸಾಕಾ?"

ಅಣ್ಣ ನೋಡಿದ.

ಹೊಲಿಗೆಯ ಕೊನೆಯಲ್ಲಿ ಗಂಟೂ ಇತ್ತು. ದಾರವನ್ನು ಗಂಟಿನ ಸುತ್ತ ಸುತ್ತಿ, ತುದಿಯನ್ನು ಅದರ ಹೊಟ್ಟೆಯೊಳಗೇ ಅಡಗಿಸುವ ಅಮ್ಮನ ಗಂಟು. ನಕಲು ಮಾಡಿದವನು ಅದನ್ನೂ ಬಿಟ್ಟಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಬಗ್ಗಿ ನೋಡಿದಳು. ಏನೋ ಉಲ್ಟಾ ಇದೆ ಅನ್ನಿಸಿತು. ಏನೆಂದು ಹೊಳೆಯುವ ಮೊದಲೇ ಅಣ್ಣ ಎದ್ದು ಕೋಟು ತೊಡುತ್ತ ಕೂಗಾಡತೊಡಗಿದ.

"ಆ ಗ್ಯಾಲರಿಯವಳನ್ನ ಸುಮ್ನೆ ಬಿಡಲ್ಲ ನಾನು!"

"ಅವಳಲ್ಲ. ಅವಳ ಗೋಡೆ ಮೇಲೆ ಇದ್ದಿದ್ದು ಅಸಲಿ, ನಾನೇ ಮುಟ್ಟಿದೀನಿ. ಅಲ್ಲಿಂದ ನಾವೇ ಜೊತೇಲಿ ಹೋಗಿ ಚೌಕಟ್ಟಿನವನ ಕೈಗೆ ಕೊಟ್ವಿ, ಹಳೇ ಚೌಕಟ್ಟು ಚೆನ್ನಾಗಿಲ್ಲ ಅಂತ ನೀನು ಹಟ ಹಿಡಿದೆ ಅಂತ. ಸಂಜೆ ಅವನ ಆಳು ತಂದುಕೊಟ್ಟ. ಬದಲಾಗಿದ್ರೆ ಅಲ್ಲೇ ಬದಲಾಗಿರಬೇಕು."

ಅಣ್ಣ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ತಟ್ಟನೆ ನಿಂತ. ಮೂರನೇ ಗುಂಡಿಯನ್ನು ಸವರಿ ನೋಡಿ, ಹೆಂಡತಿಯ ಕಡೆ ತಿರುಗಿದ. ಅಷ್ಟು ಸಿಟ್ಟಿನಲ್ಲೂ ಮುಖ ಸ್ವಲ್ಪ ಅರಳಿತು.

ನಿನ್ನೆ ಗ್ಯಾಲರಿಯಲ್ಲಿ ಆ ಗುಂಡಿ ಕಿತ್ತು ಬಿದ್ದು, ಅತ್ತಿಗೆ ಎಲ್ಲರೆದುರು "ಗುಂಡಿ ಸಾಹುಕಾರರ ಕೋಟಿಗೇ ಗುಂಡಿ ಇಲ್ಲ" ಎಂದು ನಕ್ಕು, ಗಂಡಹೆಂಡಿರ ನಡುವೆ ಮಾತು ನಿಂತಿತ್ತು. ಆಮೇಲೆ ಚೌಕಟ್ಟಿನವನ ಅಂಗಡಿಯ ಸೆಕೆಗೆ ಅಣ್ಣ ಕೋಟು ಬಿಚ್ಚಿ, ಗುಂಡಿಯನ್ನು ಅದರ ಜೇಬಿಗೆ ಹಾಕಿ, ಕೋಟನ್ನೇ ಅಲ್ಲಿ ಮರೆತು ಬಂದಿದ್ದ. ಸಂಜೆ ಅದೂ ಚಿತ್ರದ ಜೊತೆ ಬಂದಿತ್ತು.

"ನೀನಾದ್ರೂ ಗುಂಡಿ ಹೊಲಿದು ರಾಜಿ ಮಾಡ್ಕೊಂಡ್ಯಲ್ಲ," ಎಂದ. "ನಮ್ಮಮ್ಮನ ಕಾಯಿದೆ ಮರೆತಿಲ್ಲ ನೀನು."

ಅತ್ತಿಗೆ ಕಣ್ಣು ಪಿಳಿಪಿಳಿ ಮಾಡಿದಳು. ಆಮೇಲೆ, "ಹೂಂ, ಮತ್ತೆ," ಎಂದು ಸೆರಗು ಸರಿಪಡಿಸಿಕೊಂಡಳು.

ಅಮ್ಮನ ಕಾಯಿದೆ ಆ ಮನೆಗೆ ಸೊಸೆಯಾಗಿ ಬಂದವರಿಗೂ ಗೊತ್ತಿತ್ತು. ಮಕ್ಕಳು ಹೊಡೆದಾಡಿದರೆ, ಹೊಡೆದವನು ತನ್ನ ಅಂಗಿಯ ಒಂದು ಗುಂಡಿ ಕಿತ್ತು ಹೊಡೆಸಿಕೊಂಡವನ ಕೈಗೆ ಕೊಡಬೇಕು. ಅವನು ಅದನ್ನು ಹೊಡೆದವನ ಅಂಗಿಗೇ ಹೊಲಿದುಕೊಟ್ಟರೆ ಜಗಳ ಮುಗಿಯಿತು. ಅಲ್ಲಿಯವರೆಗೆ ಇಬ್ಬರಿಗೂ ಊಟವಿಲ್ಲ.

ಆ ಕಾಯಿದೆ ಒಂದೇ ಒಂದು ಸಲ ಮುರಿದಿತ್ತು. ಮೂರನೆಯವನ ವಿಷಯದಲ್ಲಿ. ಎಡಗೈಯಲ್ಲೇ ಎಲ್ಲ ಮಾಡುತ್ತಿದ್ದ ಅವನನ್ನು ಎಲ್ಲರೂ ಎಡಚ ಎನ್ನುತ್ತಿದ್ದರು. ಬಾಡಿಗೆಯ ಚಿತ್ರಗಾರನಿಗೆ ಬಣ್ಣ ಅರೆದುಕೊಡುತ್ತ ಕೊಡುತ್ತ, ತಾನೂ ಚಿತ್ರಗಾರನೇ ಆಗುತ್ತೇನೆ ಎಂದ. ಅಣ್ಣ ಕೆನ್ನೆಗೆ ಬಾರಿಸಿದ. ಗುಂಡಿ ಕೊಡು ಅಂತ ಅಮ್ಮ ಅತ್ತರೂ ಕೊಡಲಿಲ್ಲ. ಬೆಳಿಗ್ಗೆ ಎಡಚನ ಹಾಸಿಗೆ ಖಾಲಿ. ಅವತ್ತಿನಿಂದ ಅವನ ಹೆಸರನ್ನು ಅಣ್ಣನ ಮುಂದೆ ಯಾರೂ ಎತ್ತಿಲ್ಲ. ಅಷ್ಟೊಂದು ಗುಂಡಿ ಮಾಡಿ ಮಾರಿದ ಮನುಷ್ಯ ಆ ಒಂದನ್ನು ಕೊಡಲಿಲ್ಲ.

ಹೊರಡುವಾಗ ಅಣ್ಣ ಲಿಫ್ಟಿನ ಕಡೆ ಮುಂದೆ ಹೋದ. ಅತ್ತಿಗೆ ಬಾಗಿಲಿಗೆ ಬೀಗ ಹಾಕುತ್ತ ಕಿಸಕ್ಕೆಂದಳು.

"ಇವತ್ತಾದ್ರೂ ಯಾರೂ ಬಂದು ಬಾಗಿಲು ತಟ್ಟದಿದ್ರೆ ಸಾಕು. ನಿನ್ನೆ ಸಂಜೆ ಬಂದವನು ಪಾಪ, ನಿಮ್ಮ ಬೈಗುಳಕ್ಕೆ ಇನ್ನೂ ಓಡ್ತಾ ಇರಬೇಕು."

ಶ್ರೀಮಂತನೊಬ್ಬ ಚಿತ್ರ ಕೊಳ್ಳಲು ಬಂದಿದ್ದಾನೆ ಎಂಬ ಸುದ್ದಿ ಹಬ್ಬಿ, ಚಿತ್ರ ಮಾರುವವರು ಕೋಣೆಯವರೆಗೂ ಬರುತ್ತಿದ್ದರು. ನಿನ್ನೆ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಯಾರೋ ಬಾಗಿಲು ತಟ್ಟಿದ್ದರು. ಇನ್ಸ್‌ಪೆಕ್ಟರಮ್ಮ ಚಿಲಕ ಕೂಡ ತೆಗೆಯದೆ ಒಳಗಿನಿಂದಲೇ ಗದರಿಸಿ ಕಳಿಸಿದ್ದಳು.

"ಓಡ್ಲಿ. ಬೆವರು ಹರಿದ್ರೆ ಮೈಗೆ ಒಳ್ಳೇದು," ಎಂದಳು.

*

ಚೌಕಟ್ಟಿನ ಅಂಗಡಿ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಒಳಗೆ ಮರದ ಪುಡಿ, ಕುದಿಯುವ ಅಂಟಿನ ವಾಸನೆ. ಗೋಡೆಯ ತುಂಬ ಚೌಕಟ್ಟಿನ ಮೂಲೆಗಳು ಮುರಿದ ಮೊಣಕೈಗಳ ಹಾಗೆ ನೇತಾಡುತ್ತಿದ್ದವು. ಚೌಕಟ್ಟಿನವನು ದೊಡ್ಡ ಹೊಟ್ಟೆಯ ಆಸಾಮಿ. ಕಿವಿಯ ಹಿಂದೆ ಪೆನ್ಸಿಲು. ಅಣ್ಣನ ತೋಳಿನಲ್ಲಿ ಚಿತ್ರ ಕಂಡ ಕೂಡಲೇ ಅವನ ಕೈಯ ಗರಗಸ ನಿಂತಿತು.

ಅತ್ತಿಗೆಗೆ ಆ ದೇಶದ ಮಾತು ಬರುತ್ತಿತ್ತು. ವರ್ಷ ವರ್ಷ ಗಂಡನ ಹಿಂದೆ ಸುತ್ತುತ್ತ ಅಂಗಡಿಯವರ ಜೊತೆ ಚೌಕಾಸಿ ಮಾಡಿ ಕಲಿತದ್ದು.

"ನಕಲು ಕೊಟ್ಟು ಕಳಿಸಿದ್ಯಲ್ಲ, ನಾಚಿಕೆ ಆಗಲ್ವಾ ಅಂತ ಕೇಳಿ ಅತ್ತಿಗೆ."

ಅತ್ತಿಗೆ ನಗುನಗುತ್ತ ಏನೋ ಹೇಳಿದಳು. ಅವನೂ ನಕ್ಕು, ಎರಡು ಕುರ್ಚಿ ಒರೆಸಿ ಮುಂದಿಟ್ಟ.

"ಏನು ಕೇಳಿದ್ರಿ?"

"ಚೆನ್ನಾಗಿದೀರಾ ಅಂತ."

"ಅತ್ತಿಗೆ!"

"ಕೇಳ್ತೀನಿ ತಾಳಿ. ಬಂದ ತಕ್ಷಣ ಕುತ್ತಿಗೆ ಹಿಡಿಯೋಕೆ ಇದೇನು ನಿಮ್ಮ ಠಾಣೆನಾ?"

ಕೇಳಿದಳು. ಅವನು ಎರಡೂ ಕೈ ಎತ್ತಿ ಉದ್ದುದ್ದ ಮಾತಾಡಿದ. ಬಂದ ಚಿತ್ರಕ್ಕೆ ಚೌಕಟ್ಟು ಹಾಕಿದೆ, ಕಳಿಸಿದೆ, ಬೇರೇನೂ ಗೊತ್ತಿಲ್ಲ ಎಂಬುದು ಅದರ ತಾತ್ಪರ್ಯ.

ಇನ್ಸ್‌ಪೆಕ್ಟರಮ್ಮ ಮಾತು ಕೇಳುತ್ತಿರಲಿಲ್ಲ. ಅವನ ಬೆರಳು ನೋಡುತ್ತಿದ್ದಳು. ಬಾಳೆಹಣ್ಣಿನಂಥ ಬೆರಳುಗಳು, ಒಂದೊಂದರ ಮೇಲೂ ಒಣಗಿದ ಅಂಟು. ಅವಳು ಕೈಚೀಲದಿಂದ ಸೂಜಿದಾರ ತೆಗೆದು ಅವನ ಮುಂದೆ ಹಿಡಿದಳು.

"ಪೋಣಿಸು ಅನ್ನಿ."

ಅವನು ದಾರಕ್ಕೆ ಎಂಜಲು ಹಚ್ಚಿದ. ಒಂದು ಕಣ್ಣು ಮುಚ್ಚಿದ. ಸೂಜಿ ಒಂದು ಕಡೆ, ದಾರ ಇನ್ನೊಂದು ಕಡೆ ಹೋಯಿತು. ಬೆವರಿದ. ಕೊನೆಗೆ ಸೂಜಿಯೇ ಕೆಳಗೆ ಬಿದ್ದು ಮರದ ಪುಡಿಯಲ್ಲಿ ಮಾಯವಾಯಿತು.

"ಇವನ ಕೈಯಲ್ಲಿ ಈ ಹೊಲಿಗೆ ಆಗಲ್ಲ. ಹೊಲಿದವರು ಬೇರೆ. ಯಾರು ಅಂತ ಕೇಳಿ."

ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ. ಆದರೆ ಕಣ್ಣು ಒಂದು ಗಳಿಗೆ ಮೇಲಕ್ಕೆ ಹೋಗಿ ಬಂತು. ಮೇಲೆ ಮರದ ಅಟ್ಟಣಿಗೆ. ಹಲಗೆ ಕಿರ್ರ್ ಎಂದಿತು.

"ಮೇಲೆ ಯಾರಿದಾರೆ?"

"ಯಾರೂ ಇಲ್ವಂತೆ," ಎಂದಳು ಅತ್ತಿಗೆ.

ಮತ್ತೆ ಕಿರ್ರ್.

"ಹಾಗಾದ್ರೆ ದೆವ್ವ ಓಡಾಡ್ತಾ ಇದೆಯಾ?" ಇನ್ಸ್‌ಪೆಕ್ಟರಮ್ಮ ಮೇಜಿಗೆ ಅಂಗೈಯಿಂದ ಗುದ್ದಿದಳು. ಅಂಟಿನ ಡಬ್ಬಿ ಕುಣಿಯಿತು. "ನನ್ನ ಹತ್ರ ಸುಳ್ಳು ಹೇಳಬೇಡ ಅನ್ನಿ ಇವನಿಗೆ! ನಿನ್ನಂಥವರನ್ನ ಸಾಲಾಗಿ ನಿಲ್ಲಿಸಿ ನೋಡಿದೋಳು ನಾನು!"

ಚೌಕಟ್ಟಿನವನು ಎದೆಯ ಮೇಲೆ ಕೈಕಟ್ಟಿಕೊಂಡ. ಬಾಯಿಗೆ ಬೀಗ ಬಿತ್ತು. ಹೊಡೆದರೂ ಬಾಯಿ ಬಿಡುವವನಲ್ಲ ಎಂದು ಅವಳಿಗೆ ತಿಳಿಯಿತು. ಸುಳ್ಳುಗಾರರ ಬಾಯಿ ಬಿಡಿಸುವುದು ಸುಲಭ. ಸ್ನೇಹಿತನನ್ನು ಬಿಟ್ಟುಕೊಡದವನ ಬಾಯಿ ಬಿಡಿಸುವುದು ಕಷ್ಟ.

ಆಗ ಅಣ್ಣ ಮುಂದೆ ಬಂದ. ಕೂಗಲಿಲ್ಲ. ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಅಂಗೈಯಿಂದ ಅದರ ಅಂಚು ಸವರಿದ.

"ಇವನಿಗೆ ಹೇಳೇ," ಎಂದ ಹೆಂಡತಿಗೆ. "ಇದು ನಮ್ಮಮ್ಮ. ಬೇರೆ ಫೋಟೋ ಇಲ್ಲ. ಇವಳ ಮುಖ ನನಗೆ ಮರೆತು ಹೋಗ್ತಾ ಇದೆ ಅಂತ ಹೇಳು."

ಅತ್ತಿಗೆ ಹೇಳಿದಳು. ಈ ಸಲ ನಗಲಿಲ್ಲ.

ಚೌಕಟ್ಟಿನವನ ಕೈ ಮೆಲ್ಲಗೆ ಸಡಿಲವಾಯಿತು. ಅಣ್ಣನ ಮುಖವನ್ನೇ ನೋಡಿದ, ಅಳತೆ ತೆಗೆಯುವವನ ಹಾಗೆ. ಆಮೇಲೆ ಸಣ್ಣ ದನಿಯಲ್ಲಿ ಒಂದು ಮಾತು ಆಡಿದ.

ಅತ್ತಿಗೆ ಗಂಡನ ಕಡೆ ತಿರುಗಿದಳು.

"ಏನಂದ?"

"ಅವನೂ ಹಾಗೇ ಅಂದ, ಅಂತಿದಾನೆ."

"ಯಾರು?"

"ಮೇಲಿನ ಮನೆಯವನು. ಹರಿದ ಚಿತ್ರ ಹೊಲಿದು ರಿಪೇರಿ ಮಾಡೋನಂತೆ. ಈ ಚಿತ್ರ ಹಿಂದೊಮ್ಮೆ ಅವನ ಹತ್ರ ರಿಪೇರಿಗೆ ಬಂದಾಗ ನಕಲು ಬರೆದು ಇಟ್ಕೊಂಡಿದ್ದ. ನಿನ್ನೆ ಅಸಲಿ ಮತ್ತೆ ಬಂದಿದ್ದು ನೋಡಿ, ಇದರ ಮುಂದೆ ಕೂತು ಅತ್ತನಂತೆ. 'ಇವಳು ನಮ್ಮಮ್ಮ, ಇವತ್ತೊಂದಿನ ನನ್ನ ಹತ್ರ ಇರಲಿ, ಸದ್ಯಕ್ಕೆ ಇದನ್ನ ಕಳಿಸು' ಅಂತ ನಕಲು ಕೊಟ್ಟನಂತೆ. ಇವನು ತಮಾಷೆ ಅಂದ್ಕೊಂಡ. ಆದ್ರೂ ಕಷ್ಟಕ್ಕಾದ ಗೆಳೆಯ ಅಂತ..."

ಮುಂದಿನದು ಇನ್ಸ್‌ಪೆಕ್ಟರಮ್ಮನ ಕಿವಿಗೆ ಬೀಳಲಿಲ್ಲ. ಅವಳು ಅಣ್ಣನ ಕೋಟಿನ ಅಂಚು ಹಿಡಿದು ಎಳೆದಳು. ಮೂರನೇ ಗುಂಡಿ.

"ಅತ್ತಿಗೆ, ಇದನ್ನ ನೀವು ಹೊಲಿದ್ರಾ? ದೇವರಾಣೆ ನಿಜ ಹೇಳಿ."

ಅತ್ತಿಗೆಯ ಮುಖ ಕೆಂಪಾಯಿತು. "ಇಲ್ಲ. ಹೋಟೆಲಿನವರು ಹಾಕಿರಬೇಕು ಅಂದ್ಕೊಂಡೆ. ಇವರು ಎಷ್ಟೋ ವರ್ಷದ ಮೇಲೆ ಒಂದು ಒಳ್ಳೇ ಮಾತಾಡಿದ್ರು. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

ಇನ್ಸ್‌ಪೆಕ್ಟರಮ್ಮ ಕೋಟಿನ ಒಳಮೈ ತಿರುಗಿಸಿದಳು. ಅಲ್ಲಿ ಗಂಟು. ಅಮ್ಮನ ಗಂಟು. ಪಕ್ಕದಲ್ಲೇ ಚಿತ್ರದ ಬೆನ್ನಿನ ಗಂಟು. ಎರಡೂ ಒಂದೇ ಕೈಯವು. ಬೆಳಿಗ್ಗೆ ಉಲ್ಟಾ ಅನ್ನಿಸಿದ್ದು ಏನೆಂದು ಈಗ ಕಂಡಿತು.

ಮೂವರು ಮಕ್ಕಳಿಗೂ ಅಮ್ಮ ಈ ಗಂಟು ಕಲಿಸಿದ್ದಳು. ಅಮ್ಮ ಸುತ್ತುತ್ತಿದ್ದುದು ಬಲಕ್ಕೆ. ಅಣ್ಣನದೂ ಬಲಕ್ಕೆ, ತನ್ನದೂ ಬಲಕ್ಕೆ. ಎಷ್ಟು ಬೈದು ತಿದ್ದಿದರೂ ಒಬ್ಬನದು ಮಾತ್ರ ಎಡಕ್ಕೇ ಹೋಗುತ್ತಿತ್ತು.

ಈ ಗಂಟು ಎಡಕ್ಕೆ ಸುತ್ತಿತ್ತು.

ಅವಳು ಬಾಯಿ ತೆರೆಯಬೇಕಾಗಲಿಲ್ಲ. ಅಣ್ಣನೂ ನೋಡಿದ್ದ.

"ಎಡಚ," ಎಂದ. ಆ ಹೆಸರು ಅವನ ಬಾಯಿಂದ ಅಷ್ಟು ವರ್ಷಗಳ ಮೇಲೆ ಹೊರಬಂದಾಗ ತುಕ್ಕು ಹಿಡಿದ ಚಿಲಕ ಸರಿದ ಹಾಗಿತ್ತು. "ನಾನು ಗುಂಡಿ ಕೊಡ್ಲೇ ಇಲ್ಲ. ಕೊಡದೇನೇ ಹೊಲಿದುಬಿಟ್ನಾ?"

ಮಂಡಿ ನೋವೆಂದು ಹೋಟೆಲಿನ ಮೂರು ಮೆಟ್ಟಿಲಿಗೂ ಹೆಂಡತಿಯ ಹೆಗಲು ಹುಡುಕುವ ಮನುಷ್ಯ, ಆ ಕಡಿದಾದ ಮರದ ಮೆಟ್ಟಿಲುಗಳನ್ನು ಎದ್ದೂ ಬಿದ್ದೂ ಹತ್ತಿದ. ಹಿಂದೆ ಇಬ್ಬರು ಹೆಂಗಸರು.

ಮೇಲೆ ಒಂದೇ ಬಾಗಿಲು. ಒಳಗಿನಿಂದ ಚಿಲಕ.

"ಎಡಚಾ! ನಾನು ಕಣೋ. ಬಾಗಿಲು ತೆಗಿ."

ಒಳಗೆ ಹೆಜ್ಜೆ ಹತ್ತಿರ ಬಂದು ನಿಂತಿತು.

"ಚಿತ್ರ ನೀನೇ ಇಟ್ಕೊಳ್ಳೋ. ನನಗೆ ಬೇಡ. ಬಾಗಿಲೊಂದು ತೆಗಿ."

ಅಣ್ಣ ಕೋಟಿನ ಅಂಚನ್ನು ಬಾಯಿಗೆ ತಂದು, ಮೂರನೇ ಗುಂಡಿಯ ಬಿಗಿಹೊಲಿಗೆಗೆ ಕೈ ಹಾಕದೆ, ಎರಡನೇ ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತ. ಕಷ್ಟಪಟ್ಟು ನೆಲಕ್ಕೆ ಕೂತು, ಅದನ್ನು ಬಾಗಿಲ ಕೆಳಗಿನ ಸಂದಿನಲ್ಲಿ ಒಳಗೆ ತಳ್ಳಿದ.

"ತಡ ಆಯ್ತು," ಎಂದ. "ಆದ್ರೂ ತಗೋ."

ಅತ್ತಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಇನ್ಸ್‌ಪೆಕ್ಟರಮ್ಮ ತನ್ನ ಕಣ್ಣು ಯಾರಿಗೂ ಕಾಣದಿರಲೆಂದು ಗೋಡೆಗೆ ಬೈಯುವವಳ ಹಾಗೆ ಹುಬ್ಬು ಗಂಟಿಕ್ಕಿ ನಿಂತಳು.

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಬಾಗಿಲು ಅಂಗೈಯಗಲ ತೆರೆಯಿತು. ಸಂದಿನಿಂದ ಗುಂಡಿ ಹಿಡಿದ ಒಂದು ಕೈ ಹೊರಗೆ ಬಂತು.

ಬಲಗೈ. ಎಳೆಯ ಹೆಣ್ಣಿನ ಕೈ.

ಆ ಕೈಯ ಹಿಂದೆ ಅಮ್ಮನ ಹಣೆ, ಅಮ್ಮನ ಮೂಗು, ಅತ್ತು ಊದಿದ ಕಣ್ಣು.

"ನೀವು ದೊಡ್ಡಪ್ಪನಾ?" ಎಂದಳು ಆ ಹುಡುಗಿ. ಅವರದೇ ಮಾತು. ಆದರೆ ಒಬ್ಬನೇ ಮನುಷ್ಯನಿಂದ ಕೇಳಿ ಕಲಿತದ್ದು, ಎಡಚನ ಎಳೆತ ಹಾಗೇ ಇತ್ತು.

ಅಣ್ಣ ಹೌದೆಂದು ತಲೆಯಾಡಿಸಿದ.

"ಇದನ್ನ ಹೊಲಿಯೋಕೆ ಅಪ್ಪ ಇಲ್ಲ. ನೀವು ಕೆಳಗೆ ಅಂಗಡಿಗೆ ಬಂದಾಗಲೇ ದನಿ ಕೇಳಿ ನಿಮ್ಮ ಗುರುತು ಹಿಡಿದಿದ್ರು. ನಿನ್ನೆ ನಿಮ್ಮ ಕೋಟಿಗೆ ಗುಂಡಿ ಹಾಕಿ ಕಳಿಸಿದ ಮೇಲೆ ಅವರಿಗೆ ಕೂತ್ಕೊಳ್ಳೋಕೇ ಆಗ್ಲಿಲ್ಲ. 'ನಾನು ಮಾಡಿದ್ದು ತಪ್ಪು, ಅಮ್ಮನ್ನ ಅಣ್ಣನಿಗೆ ಕೊಟ್ಟುಬರ್ತೀನಿ' ಅಂತ ಅಜ್ಜಿಯ ಚಿತ್ರ ಹೊತ್ಕೊಂಡು ನಿಮ್ಮ ಹೋಟೆಲಿಗೆ ಹೋದ್ರು. ವಾಪಸ್ ಬರಲಿಲ್ಲ." ಅವಳು ಇನ್ನೊಂದು ಕೈ ಬಿಚ್ಚಿದಳು. ಒಂದು ಕನ್ನಡಕ. ಮುರಿದ ಕಡ್ಡಿಗೆ ದಾರ ಸುತ್ತಿ ಗಂಟು ಹಾಕಿತ್ತು, ಎಡಕ್ಕೆ. ಒಂದು ಗಾಜು ಹೊಸದಾಗಿ ಸೀಳಿತ್ತು. "ಬೆಳಿಗ್ಗೆ ಹುಡುಕ್ಕೊಂಡು ಹೋದಾಗ ನಿಮ್ಮ ಹೋಟೆಲಿನ ಹಿಂದಿನ ಮೆಟ್ಟಿಲ ಹತ್ರ ಇದು ಸಿಕ್ಕಿತು. ಇದಿಲ್ದೆ ಅವರಿಗೆ ಎದುರಿಗಿರೋರೂ ಕಾಣಲ್ಲ. ನಮ್ಮಪ್ಪನ್ನ ಏನು ಮಾಡಿದ್ರಿ ನೀವು?"

"ಏನೂ ಮಾಡಿಲ್ಲ ಮಗಳೇ," ಎಂದ ಅಣ್ಣ. "ನಿನ್ನೆ ಸಂಜೆ ನಾವೆಲ್ಲ ಕೋಣೆಯಲ್ಲೇ ಇದ್ವಿ. ಅವನು ಬರಲೇ ಇಲ್ಲ. ಬಂದಿದ್ರೆ ಬಾಗಿಲು ತೆಗೀತಿರಲಿಲ್ವಾ?"

ಅತ್ತಿಗೆ ಮೆಲ್ಲಗೆ ತಿರುಗಿ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದಳು.

ಇನ್ಸ್‌ಪೆಕ್ಟರಮ್ಮನಿಗೆ ನಿನ್ನೆ ಸಂಜೆ ಹೋಟೆಲಿನ ಬಾಗಿಲಾಚೆ ಬಂದವನ ಹೆಜ್ಜೆ ತುಂಬ ಹೊತ್ತು ಸರಿಯದೆ ನಿಂತಿದ್ದು ಈಗ ನೆನಪಾಯಿತು. 'ನಿನ್ನ ಚಿತ್ರಾನೂ ಬೇಡ, ನಿನ್ನ ಮುಖಾನೂ ಬೇಡ, ಈ ಕಡೆ ಮತ್ತೆ ತಲೆ ಹಾಕಬೇಡ, ತೊಲಗು!' ಎಂದಿದ್ದಳು. ಹೊರಗಿನವನಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ತನ್ನ ಮಾತಿನಲ್ಲೇ, ಗಂಟಲು ಬಿಚ್ಚಿ ಬೈದಿದ್ದಳು.

ಹೊರಗೆ ನಿಂತವನಿಗೆ ಅಕ್ಕನ ದನಿಯೂ ಗೊತ್ತಾಗಿತ್ತು, ಒಂದೊಂದು ಮಾತೂ ಗೊತ್ತಾಗಿತ್ತು.